ಮಳೆ ಹಿಡಿಯುವ ಮೊದಲೇ ಬಿಪಿ ಮಾತ್ರೆ ತಂದಿಟ್ಟುಕೊಳ್ಳಿ

ಬಳಗದ ಹಿರಿಯರಿಗೆಲ್ಲ ನಮಸ್ಕಾರ. ದೇವಿಮನೆ ಘಟ್ಟದಲ್ಲಿ ಗುಡ್ಡ ಕುಸಿದರೆ ಶಿರಸಿ–ಕುಮಟಾ ರಸ್ತೆ ಬಂದ್. ಮೆಟೊಪ್ರೊಲಾಲ್, ಅಟೆನೊಲಾಲ್ ಎಂಬ ಬಿಪಿ ಮಾತ್ರೆ ನುಂಗುವವರು 15 ದಿನದ ಮಾತ್ರೆ ಹೆಚ್ಚಿಗೆ ಇಟ್ಟುಕೊಳ್ಳಿ.

ನಮ್ಮ ಚಿಕ್ಕಪ್ಪ ಕಳೆದ ವರ್ಷ ‘ಬಿಪಿ ಸರಿಯಾಗಿದೆಯಲ್ಲ’ ಎಂದು ಮಾತ್ರೆಯನ್ನು ತಾವೇ ಬಿಟ್ಟರು. ಮೂರನೆಯ ದಿನ ಎದೆ ಡವಡವ, ರಾತ್ರೋರಾತ್ರಿ ಆಸ್ಪತ್ರೆ. ಆ ರಾತ್ರಿ ಇನ್ನಾರಿಗೂ ಬೇಡ. ಈ ಮಾತ್ರೆ ಎದೆಬಡಿತ ಹೆಚ್ಚಿಸುವ ಅಡ್ರಿನಾಲಿನ್ ಹಾರ್ಮೋನಿನ ಪ್ರಭಾವ ತಡೆದು ಹೃದಯಬಡಿತವನ್ನು ನಿಧಾನಗೊಳಿಸುತ್ತದೆ. ಥಟ್ಟನೆ ನಿಲ್ಲಿಸಿದರೆ ಬಡಿತ, ರಕ್ತದೊತ್ತಡ ಎರಡೂ ಏರಬಹುದು, ಹೃದಯಾಘಾತವೂ ಆದೀತು. ಬಿಡಬೇಕಿದ್ದರೆ ವೈದ್ಯರೇ ಹಂತಹಂತವಾಗಿ ಇಳಿಸಲಿ.

ಉಬ್ಬಸವಿದ್ದವರು ವೈದ್ಯರಿಗೆ ಮೊದಲೇ ತಿಳಿಸಿ. ಈ ಮಾತ್ರೆ ನುಂಗುವ ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಇಳಿದಾಗಿನ ನಡುಕ, ಎದೆಬಡಿತ ಗೊತ್ತಾಗದೇ ಹೋಗಬಹುದು. ಸುಮ್ಮನೆ ಬೆವರಿದರೂ ಕೂಡಲೇ ಸಕ್ಕರೆ ಪರೀಕ್ಷಿಸಿಕೊಳ್ಳಿ.

ಮಾತ್ರೆ ಮುಗಿದವರು ಸಂಕೋಚವಿಲ್ಲದೆ ಇಲ್ಲಿ ಬರೆಯಿರಿ. ಪೇಟೆಗೆ ಹೋಗುವ ಯಾರಾದರೂ ಚೀಟಿ ತೋರಿಸಿ ತಂದುಕೊಡುತ್ತೇವೆ.