ವಿಗ್ ವ್ಯಾಮ್ ಬರೀ ಜೋಕಲ್ಲ

ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಗ್ಲಾಮ್ ಮೆಟಲ್ (ಹೊಳೆಯುವ ವೇಷ, ಗಿಟಾರಿನ ಅಬ್ಬರ, ಎಲ್ಲರೂ ಕೂಡಿ ಹಾಡುವಂಥ ಕೋರಸ್ ಇರುವ ಎಂಬತ್ತರ ದಶಕದ ರಾಕ್ ಸಂಗೀತ) ಮತ್ತೆ ತಲೆ ಎತ್ತಿದೆ ಎಂಬ ಬರಹ ನೋಡಿ ಖುಷಿಯಾಯಿತು. ಕನ್ನಡ ಪತ್ರಿಕೆಯಲ್ಲಿ ಈ ಸಂಗೀತದ ಹೆಸರು ಬರುವುದೇ ಅಪರೂಪ. ಆ ಖುಷಿ ಉಳಿದದ್ದು ಎರಡನೇ ಪ್ಯಾರಾದವರೆಗೆ ಮಾತ್ರ. ನಾರ್ವೆಯ ವಿಗ್ ವ್ಯಾಮ್ ಬ್ಯಾಂಡನ್ನು 'ವಿಗ್ ಹಾಕಿಕೊಂಡ ಜೋಕು' ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಬರೆದವರು ಫೋಟೋ ನೋಡಿದ್ದಾರೆ, ಹಾಡು ಕೇಳಿಲ್ಲ ಅನ್ನಿಸಿತು.

ಫೋಟೋ ನೋಡಿದರೆ ಯಾರಿಗಾದರೂ ನಗು ಬರುತ್ತದೆ, ಒಪ್ಪುತ್ತೇನೆ. ಹೊಳೆಯುವ ಬಿಗಿ ಬಟ್ಟೆ, ಹೆಗಲ ತುಂಬ ಕೂದಲು. ಗಾಯಕನ ಹೆಸರೇ ಗ್ಲಾಮ್, ಉಳಿದವರು ಟೀನಿ, ಫ್ಲ್ಯಾಶ್, ಸ್ಪೋರ್ಟಿ. ಆದರೆ ಇವರು ಈ ವೇಷ ಕಟ್ಟಿದ್ದು ಯಾವಾಗ ಎಂದು ನೋಡಬೇಕಲ್ವಾ? 2001ರಲ್ಲಿ. ಆಗ ಈ ಸಂಗೀತವನ್ನು ಜನ ಮಣ್ಣು ಮಾಡಿ ಮರೆತಿದ್ದರು. 1983ರಲ್ಲಿ ಈ ಬಗೆಯ ಬ್ಯಾಂಡಾದ ಕ್ವಾಯೆಟ್ ರಾಯಟ್‌ನ ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು, ಆಮೇಲೆ ಲಾಸ್ ಏಂಜಲೀಸ್‌ನ ಸನ್‌ಸೆಟ್ ಸ್ಟ್ರಿಪ್ ಬೀದಿಯ ಕ್ಲಬ್ಬುಗಳಲ್ಲಿ ನುಡಿಸುತ್ತಿದ್ದ ಮೋಟ್ಲಿ ಕ್ರೂ, ರ‍್ಯಾಟ್, ಪಾಯ್ಸನ್ ಎಲ್ಲರೂ ಒಬ್ಬರ ಹಿಂದೆ ಒಬ್ಬರು ದೊಡ್ಡವರಾದರು, ಎಂಟಿವಿ ಹಾಕಿದರೆ ಸಾಕು ಇವರದೇ ಕೂದಲು. 1991ರಲ್ಲಿ ನಿರ್ವಾಣ ಎಂಬ ಬ್ಯಾಂಡಿನ ಅಲೆ ಎದ್ದಿತು. ಒಂದೆರಡು ವರ್ಷದಲ್ಲಿ ಹೇರ್‌ಸ್ಪ್ರೇ ಹುಡುಗರನ್ನು ಕೇಳುವವರೇ ಇಲ್ಲ. ಹಾಗೆ ಎಲ್ಲರೂ ನಾಚಿಕೊಂಡು ಬಿಟ್ಟುಹೋದ ಬಟ್ಟೆಯನ್ನು ಹತ್ತು ವರ್ಷದ ಮೇಲೆ ಎತ್ತಿ ಕೊಡವಿ ಹಾಕಿಕೊಂಡವರು ಇವರು. ಫ್ಯಾಷನ್ ಹಿಂದೆ ಹೋದವರು ಅನ್ನುವುದಕ್ಕೆ ಅಲ್ಲಿ ಫ್ಯಾಷನ್ನೇ ಇರಲಿಲ್ಲ!

ಯೂರೋವಿಷನ್ (ಯುರೋಪಿನ ದೇಶಗಳ ನಡುವೆ ವರ್ಷವೂ ನಡೆಯುವ ಹಾಡಿನ ಸ್ಪರ್ಧೆ) ವಿಷಯವನ್ನು ನಿಮ್ಮ ಲೇಖಕರು ಬಿಟ್ಟೇಬಿಟ್ಟಿದ್ದಾರೆ. 2004ರಲ್ಲಿ ನಾರ್ವೆ ಫೈನಲ್‌ನಲ್ಲಿ ಬರೀ 3 ಅಂಕ ಪಡೆದು ಕೊನೆಯ ಸ್ಥಾನಕ್ಕೆ ಬಿದ್ದಿತ್ತು. ಅದರ ಫಲವಾಗಿ ಮರುವರ್ಷ ಮೊದಲು ಸೆಮಿಫೈನಲ್ ದಾಟಬೇಕಿತ್ತು. ಅಂಥ ಹೊತ್ತಿನಲ್ಲಿ ಆ ದೇಶ, ಆ ವರ್ಷದ ಸ್ಪರ್ಧೆ ನಡೆದ ಕೀವ್‌ಗೆ ಕಳಿಸಿದ್ದು ಈ ನಾಲ್ವರನ್ನು. 'ಇನ್ ಮೈ ಡ್ರೀಮ್ಸ್' ಹಾಡಿ ಸೆಮಿಫೈನಲ್ ದಾಟಿದರು, ಫೈನಲ್‌ನಲ್ಲಿ 125 ಅಂಕ ತಗೊಂಡು ಒಂಬತ್ತನೇ ಸ್ಥಾನಕ್ಕೆ ಬಂದರು. ಗೆಲ್ಲಲಿಲ್ಲ ನಿಜ. ಮರುವರ್ಷ ಅದೇ ಸ್ಪರ್ಧೆಯನ್ನು ರಾಕ್ಷಸರ ಮುಖವಾಡ ಹಾಕಿಕೊಂಡ ಫಿನ್ಲೆಂಡಿನ ಲಾರ್ಡಿ ಗೆದ್ದಿತು. ದಾರಿ ಮಾಡಿಕೊಟ್ಟಿದ್ದು ಇವರೇ ಅಂದರೆ ಜಾಸ್ತಿಯಾದೀತು. ಆದರೂ ಗಿಟಾರಿನ ಗದ್ದಲಕ್ಕೆ ಮನೆಮಂದಿಯೆಲ್ಲ ಫೋನ್ ಎತ್ತಿ ಮತ ಹಾಕುತ್ತಾರೆ ಅನ್ನುವುದು ಹಿಂದಿನ ವರ್ಷವೇ ಗೊತ್ತಾಗಿತ್ತು.

ಲೇಖನ ಸ್ಟೀಲ್ ಪ್ಯಾಂಥರ್ ಮತ್ತು ವಿಗ್ ವ್ಯಾಮ್ ಎರಡನ್ನೂ ಒಂದೇ ಚೀಲಕ್ಕೆ ತುಂಬಿದೆ. ಇದು ಸರಿಯಲ್ಲ. ಸ್ಟೀಲ್ ಪ್ಯಾಂಥರ್‌ನವರು ಎಂಬತ್ತರ ದಶಕದ ಪೋಲಿತನವನ್ನು ಹತ್ತುಪಟ್ಟು ಹಿಗ್ಗಿಸಿ ಆಡಿಕೊಳ್ಳುವವರು, ಅದೇ ಅವರ ಕಸುಬು. (ನುಡಿಸುವುದಂತೂ ಬಹಳ ಚೆನ್ನಾಗಿಯೇ ನುಡಿಸುತ್ತಾರೆ, ಅದು ಬೇರೆ ಮಾತು.) ವಿಗ್ ವ್ಯಾಮ್ ಕಣ್ಣು ಹೊಡೆಯುತ್ತದೆ, ಅಣಕಿಸುವುದಿಲ್ಲ. ಕೋರಸ್ ಬಂದಾಗ ನಿಜವಾಗಿಯೂ ನೀವು ಕುಣಿಯಬೇಕು ಅಂತಲೇ ಅವರು ಹಾಡುವುದು.

ಆ ಕೋರಸ್ ಸುಮ್ನೆ ಹುಟ್ಟುವುದಿಲ್ಲ ಸ್ವಾಮಿ. ಚರಣದಲ್ಲಿ ತಡೆದು ಹಿಡಿಯಬೇಕು, ಆಮೇಲೆ ಒಂದೊಂದೇ ಮೆಟ್ಟಿಲು ಹತ್ತಿಸಬೇಕು, ಕೊನೆಗೆ ಊರಿಗೂರೇ ಹಾಡುತ್ತಿದೆ ಅನ್ನುವ ಹಾಗೆ ದನಿಯ ಮೇಲೆ ದನಿ ಪೇರಿಸಿ ಬಿಡಬೇಕು. ಒಂದು ದನಿ ಜಾರಿದರೂ ಎಲ್ಲ ಕುಸಿಯುತ್ತದೆ. ಡೆಫ್ ಲೆಪರ್ಡ್‌ನವರು (ಇವರನ್ನು ಗ್ಲಾಮ್ ಗುಂಪಿಗೆ ಸೇರಿಸಿದರೆ ಅವರಿಗೇ ಸಿಟ್ಟು ಬರುತ್ತದೆ, ಇರಲಿ) 1987ರಲ್ಲಿ ತಂದ 'ಹಿಸ್ಟೀರಿಯಾ' ಆಲ್ಬಂಗೆ ಮೂರು ವರ್ಷಕ್ಕೂ ಜಾಸ್ತಿ ಕೂತಿದ್ದರು, ನಡುವೆ ಡ್ರಮ್ಮರ್ ರಿಕ್ ಅಲೆನ್ ಕಾರು ಅಪಘಾತದಲ್ಲಿ ಎಡಗೈ ಕಳೆದುಕೊಂಡು ಒಂದೇ ಕೈಯಲ್ಲಿ ಬಾರಿಸುವುದನ್ನು ಹೊಸದಾಗಿ ಕಲಿತ. ಕೇಳುವವರಿಗೆ ಅದು ಬರೀ ಮಜಾ. ಮಾಡುವವರಿಗೆ ಮೈಮುರಿ ಕೆಲಸ. ದುಃಖದ ಹಾಡು ಬರೆದವನನ್ನು ಕಲಾವಿದ ಅನ್ನುತ್ತೀವಿ, ಕುಣಿಸುವ ಹಾಡು ಬರೆದವನನ್ನು ಯಾಕೆ ಕೋಡಂಗಿ ಅನ್ನಬೇಕು?

ಹಾಗಂತ ಹಳೆಯದೆಲ್ಲ ಬಂಗಾರ ಅಂತ ನಾನು ಹೇಳುತ್ತಿಲ್ಲ. ಆ ಕಾಲದ ವಿಡಿಯೋಗಳಲ್ಲಿ ಹೆಣ್ಣುಮಕ್ಕಳನ್ನು ಕಾರಿನ ಬಾನೆಟ್ ಮೇಲೆ ಮಲಗಿಸುವುದಕ್ಕೆ ಬಿಟ್ಟು ಬೇರೆ ಕೆಲಸವೇ ಇಲ್ಲದ ಹಾಗೆ ತೋರಿಸಿದ್ದಾರೆ, ಈಗ ನೋಡಲು ಕಸಿವಿಸಿ. 1984ರ ಡಿಸೆಂಬರ್‌ನಲ್ಲಿ ಪಾರ್ಟಿಯಿಂದ ಇನ್ನಷ್ಟು ಕುಡಿಯಲು ತರೋಣ ಎಂದು ಮೋಟ್ಲಿ ಕ್ರೂ ಗಾಯಕ ವಿನ್ಸ್ ನೀಲ್ ಕುಡಿದೇ ಕಾರು ಓಡಿಸಿದ, ಪಕ್ಕದಲ್ಲಿದ್ದ ಹನೋಯ್ ರಾಕ್ಸ್ ಬ್ಯಾಂಡಿನ ಡ್ರಮ್ಮರ್ ರ‍್ಯಾಝಲ್ ಸತ್ತ. ಹೊಸ ಬ್ಯಾಂಡುಗಳು ಮೋಜನ್ನು ಇಟ್ಟುಕೊಂಡು ಇದನ್ನು ಬಿಟ್ಟರೆ ಅದನ್ನು ನಕಲು ಅನ್ನಲು ನನಗೆ ಮನಸ್ಸಿಲ್ಲ.

ಕೊನೆಯದಾಗಿ, ಲೇಖನದ 'ಟಿವಿ ಧಾರಾವಾಹಿಯೊಂದು ಹುಟ್ಟುಹಾಕಿದ ಬ್ಯಾಂಡ್' ಎಂಬ ಮಾತು. 2022ರಲ್ಲಿ ಜೇಮ್ಸ್ ಗನ್ ಅವರ ಧಾರಾವಾಹಿ 'ಪೀಸ್‌ಮೇಕರ್' ಬಂತು, ಅದರ ಶುರುವಿನಲ್ಲಿ ಜಾನ್ ಸೀನಾ ಮತ್ತು ಉಳಿದ ನಟರೆಲ್ಲ ಮುಖದಲ್ಲಿ ಒಂದು ಗೆರೆಯೂ ಅಲುಗದೆ ಕುಣಿಯುತ್ತಾರೆ, ಪ್ರಪಂಚವೆಲ್ಲ ಅದನ್ನು ನೋಡಿ ಹುಚ್ಚೆದ್ದಿತು. ಆ ಕುಣಿತದ ಹಾಡು ವಿಗ್ ವ್ಯಾಮ್ ಬ್ಯಾಂಡಿನ 'ಡು ಯಾ ವಾನ್ನಾ ಟೇಸ್ಟ್ ಇಟ್'. ಅದು 2010ರದ್ದು! ಬ್ಯಾಂಡು 2014ರಲ್ಲಿ ಒಡೆದು, 2019ರಲ್ಲಿ ಮತ್ತೆ ಕೂಡಿ, 2021ರಲ್ಲಿ ಹೊಸ ಆಲ್ಬಂ ಕೂಡ ತಂದಾಗಿತ್ತು. ಹನ್ನೆರಡು ವರ್ಷ ಕಪಾಟಿನಲ್ಲಿದ್ದ ಹಾಡು ಒಂದಿಷ್ಟೂ ಹಳಸಿರಲಿಲ್ಲ. ಆ ಕುಣಿತ ಗಮನಿಸಿ: ಹೆಜ್ಜೆ ಹಾಸ್ಯಾಸ್ಪದ, ಮುಖ ಮಾತ್ರ ಗಂಭೀರ. ಗ್ಲಾಮ್ ಮೆಟಲ್ ಅಂದರೆ ಹೆಚ್ಚುಕಡಿಮೆ ಅದೇ.

ಅಂದಹಾಗೆ, ನಿಮ್ಮ ಫೋಟೋದ ಅಡಿ ಗಾಯಕ ಎಂದು ಹಾಕಿರುವುದು ಟೀನಿಯ ಹೆಸರನ್ನು. ಟೀನಿ ಗಿಟಾರಿಸ್ಟ್, ಅವನ ಕೈಯಲ್ಲಿ ಗಿಟಾರ್ ಕೂಡ ಇದೆ. ದಯವಿಟ್ಟು ಮುಂದಿನ ವಾರ ತಿದ್ದುಪಡಿ ಹಾಕಿ.

ಇಂತಿ,
ನಿಮ್ಮ ಪುರವಣಿಯನ್ನು ಮೊದಲ ಪುಟದಿಂದ ಓದುವ ಓದುಗ