ಬೆದರಿಕೆಯ ಸಂದೇಶಗಳ ಕುರಿತು ಗುಂಪಿನ ಸದಸ್ಯರಿಗೆ

ಕ್ರಿಸ್ತನಲ್ಲಿ ಪ್ರಿಯರಾದ ಸಹೋದರ ಸಹೋದರಿಯರಿಗೆ ವಂದನೆಗಳು.

ನಮ್ಮ ಕೆಲವು ಕುಟುಂಬಗಳಿಗೆ ಬಂದಿರುವ ಬೆದರಿಕೆಯ ಸಂದೇಶಗಳಿಂದ ನಿಮ್ಮಲ್ಲಿ ಅನೇಕರು ಕಳವಳಗೊಂಡಿರುವುದನ್ನು ಬಲ್ಲೆವು. ಬುಧವಾರದ ಪ್ರಾರ್ಥನಾ ಕೂಟಕ್ಕೆ ಎಲ್ಲರೂ ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 23ನೇ ಅಧ್ಯಾಯವನ್ನು ನಿಧಾನವಾಗಿ ಓದಿಕೊಂಡು ಬರಬೇಕೆಂದು ಕೋರುತ್ತೇವೆ.

ಅಪೊಸ್ತಲನಾದ ಪೌಲನು ಯೆರೂಸಲೇಮಿನ ಕೋಟೆಯಲ್ಲಿ ಸೆರೆಯಾಗಿದ್ದಾಗ ಒಂದು ರಾತ್ರಿ ಕರ್ತನು ಅವನ ಬಳಿ ನಿಂತು, ಧೈರ್ಯ ಹೇಳಿ, ಅವನು ರೋಮಿನಲ್ಲಿಯೂ ಸಾಕ್ಷಿ ಕೊಡಬೇಕಾಗಿದೆ ಎಂದು ತಿಳಿಸಿದನು. ಬೆಳಗಾಗುತ್ತಲೇ ನಲವತ್ತಕ್ಕೂ ಹೆಚ್ಚು ಮಂದಿ, ಪೌಲನನ್ನು ಕೊಲ್ಲುವವರೆಗೆ ಅನ್ನನೀರು ಮುಟ್ಟುವುದಿಲ್ಲವೆಂದು ಶಪಥ ಮಾಡಿದರು. ಆ ಸಂಚು ಅವನ ಸೋದರಳಿಯನ ಕಿವಿಗೆ ಬಿತ್ತು. ಕರ್ತನ ಮಾತಿದೆಯೆಂದು ಪೌಲನು ಸುಮ್ಮನೆ ಕೂರಲಿಲ್ಲ. ರೋಮನ್ ಸೇನೆಯ ಶತಾಧಿಪತಿಯನ್ನು ಕರೆದು ಆ ಯುವಕನನ್ನು ಮೇಲಧಿಕಾರಿಯಾದ ಸಹಸ್ರಾಧಿಪತಿಯ ಬಳಿಗೆ ಕಳುಹಿಸಿದನು. ಸಹಸ್ರಾಧಿಪತಿಯು ಅವನ ಕೈಹಿಡಿದು ಪಕ್ಕಕ್ಕೆ ಕರೆದೊಯ್ದು ವಿಚಾರಿಸಿ (ಆ ಪುಸ್ತಕವನ್ನು ಬರೆದ ಲೂಕನು ಈ ಸಣ್ಣ ವಿವರವನ್ನು ಬಿಡದೆ ಬರೆದಿರುವುದು ನಮಗೆ ಬಹಳ ಹಿಡಿಸುತ್ತದೆ), ಅದೇ ರಾತ್ರಿ 200 ಸಿಪಾಯಿಗಳು, 70 ಕುದುರೆ ಸವಾರರು ಮತ್ತು 200 ಭರ್ಜಿಧಾರಿಗಳ ಕಾವಲಿನಲ್ಲಿ ಪೌಲನನ್ನು ಕೈಸರೈಯಕ್ಕೆ ಹೊರಡಿಸಿದನು. ದೇವರ ಕಾವಲು ಅಂದು ಬಂದದ್ದು ಒಬ್ಬ ಯುವಕನ ಕಿವಿಯಿಂದ ಮತ್ತು ವಿಶ್ವಾಸಿಯಲ್ಲದ ಅಧಿಕಾರಿಯ ಕೈಯಿಂದ.

ಆದ್ದರಿಂದ ಇಂಥ ಸಂದೇಶ ಬಂದರೆ ಅಳಿಸಬೇಡಿರಿ, ಉತ್ತರಿಸಬೇಡಿರಿ, ಇಲ್ಲಿಗೆ ಫಾರ್ವರ್ಡ್ ಮಾಡಲೂಬೇಡಿರಿ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸಭಾಪಾಲಕರಿಗೆ ತಿಳಿಸಿರಿ. ತುರ್ತಾದರೆ ಮೊದಲು 112ಕ್ಕೆ ಕರೆಮಾಡಿರಿ. ದೂರು ಕೊಡಲು ಠಾಣೆಗೆ ಹೋಗುವವರ ಜೊತೆಗೆ ಸಭೆಯ ಹಿರಿಯರಲ್ಲಿ ಇಬ್ಬರು ಬರುತ್ತಾರೆ. ಬೆದರಿಸಿದವರು ಯಾರೆಂದು ಊಹಿಸಿ ಗುಂಪಿನಲ್ಲಿ ಹೆಸರು ಬರೆಯಬೇಡಿರಿ. ಅವರಿಗಾಗಿಯೂ ಬುಧವಾರ ಪ್ರಾರ್ಥಿಸಲಿದ್ದೇವೆ.