ಚಳಿಗೆ ರಮ್: ಹೋಗುವ ಬಿಸಿಯೇ ಬಂದಂತೆ ಅನಿಸುತ್ತದೆ

ಮಾನ್ಯ ಸಂಪಾದಕರೇ,

ಅರೇಬಿಕಾ ಕೊಯ್ಲಿನ ಸಮಯದಲ್ಲಿ ಕೊಡಗಿನ ತೋಟಗಳಲ್ಲಿ ಎರಡು ಮಾತು ತಪ್ಪದೆ ಕೇಳಿಬರುತ್ತವೆ. ಇಬ್ಬನಿ ತೊಟ್ಟಿಕ್ಕುವ ಗಿಡಕ್ಕೆ ಕೈ ಹಾಕಿ ಬೆರಳು ಬಿಳಿಚಿಕೊಂಡವರಿಗೆ ‘ನಿನಗೆ ರಕ್ತ ಕಮ್ಮಿ’ ಅನ್ನುವುದು ಒಂದು. ಸಂಜೆಯಾದರೆ ‘ಈ ಚಳಿಗೆ ಎರಡು ಪೆಗ್ ಬೇಕೇ ಬೇಕು’ ಅನ್ನುವುದು ಇನ್ನೊಂದು. ಎರಡೂ ತಪ್ಪು.

ಬೆರಳಿಗೆ ಎಷ್ಟು ರಕ್ತ ಹೋಗಬೇಕೆಂದು ತೀರ್ಮಾನಿಸುವುದು ಮುಖ್ಯವಾಗಿ ಕಿರುಧಮನಿಗಳು. ಹೃದಯದಿಂದ ರಕ್ತ ತರುವ ಅಪಧಮನಿ ಕವಲೊಡೆಯುತ್ತ ಹೋಗಿ ಅತಿ ಸಣ್ಣ ನಾಳಗಳಾದ ಲೋಮನಾಳ ಸೇರುವ ಮುಂಚಿನ ಈ ಸಪೂರ ನಾಳಗಳ ಗೋಡೆಯಲ್ಲಿ ಸ್ನಾಯುವಿನ ಸುತ್ತು ಇರುತ್ತದೆ. ಸ್ಪ್ರಿಂಕ್ಲರ್ ಪೈಪಿನ ವಾಲ್ವ್ ಇದ್ದ ಹಾಗೆ, ಆದರೆ ಇದು ಬಹಳ ಸೂಕ್ಷ್ಮ. ಒತ್ತಡ ಅಷ್ಟೇ ಇದ್ದು ನಾಳದ ತ್ರಿಜ್ಯ ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ, 16ರಲ್ಲಿ 1 ಪಾಲಿಗೆ ಇಳಿಯುತ್ತದೆ. ತ್ರಿಜ್ಯ ಶೇ 16ರಷ್ಟು ಕುಗ್ಗಿದರೇ ಹರಿವು ಅರ್ಧ.

ಚರ್ಮಕ್ಕೆ ಚಳಿ ತಾಗಿದೊಡನೆ ನರದ ತುದಿಯಿಂದ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಸುರಿದು ಈ ಸುತ್ತು ಬಿಗಿಯುತ್ತದೆ. ಬೆರಳು, ಅಂಗೈ, ಕಿವಿ, ಮೂಗಿನಲ್ಲಿ ಲೋಮನಾಳಗಳನ್ನು ತಪ್ಪಿಸಿ ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿಗೆ ನೇರ ಸೇರುವ ಅಡ್ಡದಾರಿಗಳಿವೆ, ಅವೂ ಮುಚ್ಚಿಕೊಳ್ಳುತ್ತವೆ. ಬಿಸಿ ರಕ್ತ ಒಳಗೇ ಉಳಿಯುತ್ತದೆ. ಅಂದರೆ ಚಳಿಗೆ ಬಿಳಿಚಿದ ಬೆರಳು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ರಕ್ತಹೀನತೆಯ ಅನುಮಾನವಿದ್ದರೆ ಕೆಳರೆಪ್ಪೆಯ ಒಳಭಾಗ ನೋಡಿ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಆರೋಗ್ಯ ಶಿಬಿರಗಳಲ್ಲಿ ತಣ್ಣಗಿನ ಬೆರಳಿಗೇ ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಸಿಕ್ಕಿಸಿ, ಕಡಿಮೆ ಅಂಕಿ ಕಂಡು ಗಾಬರಿಯಾಗುವುದುಂಟು. ಮೊದಲು ಕೈ ಬೆಚ್ಚಗಾಗಲಿ, ಆಮೇಲೆ ಅಳೆಯಿರಿ.

ರಮ್ ಮಾಡುವುದು ಇದಕ್ಕೆ ತೀರಾ ಉಲ್ಟಾ. ಮದ್ಯ ಚರ್ಮದ ನಾಳಗಳನ್ನು ಸಡಿಲಿಸುತ್ತದೆ, ಬಿಸಿ ರಕ್ತ ಮೇಲಕ್ಕೆ ನುಗ್ಗುತ್ತದೆ. ಶಾಖ ಅರಿಯುವ ನರಗಳು ಚರ್ಮದಲ್ಲೇ ಇರುವುದರಿಂದ ಮೈ ಕಾವೇರಿದಂತೆ ಅನಿಸುತ್ತದೆ. ಆ ಕಾವು ಹೊರಗಿನ ಗಾಳಿಗೆ ಹೋಗುತ್ತಿರುತ್ತದೆ. ನಡುಕವೂ ತಗ್ಗುವುದರಿಂದ ಶಾಖ ಹುಟ್ಟುವುದೂ ಕಡಿಮೆ. ಕುಡಿದು ಬಯಲಲ್ಲಿ ಮಲಗಿದವರಿಗೆ ಅಪಾಯ ಬರುವುದು ಹೀಗೆ. ನಿಕೋಟಿನ್ ನಾಳಗಳನ್ನು ಬಿಗಿಸುತ್ತದೆ ನಿಜ, ಹಾಗೆಂದು ರಮ್ಮಿಗೆ ಬೀಡಿ ಸೇರಿಸಿ ಲೆಕ್ಕ ಸರಿದೂಗಿಸಲು ಹೊರಡಬೇಡಿ.

ಕೈ ಬೆಚ್ಚಗಿರಬೇಕಾದರೆ ಮೊದಲು ಎದೆ, ಬೆನ್ನು, ತಲೆ ಬೆಚ್ಚಗಿರಲಿ. ಒಡಲಿಗೆ ಶಾಖ ಸಾಕಷ್ಟಿದೆ ಎಂದು ಮಿದುಳಿಗೆ ಗೊತ್ತಾದರೆ ಬೆರಳಿನ ವಾಲ್ವ್ ತಾನಾಗಿ ಸಡಿಲುತ್ತದೆ. ಒದ್ದೆ ಗ್ಲೌಸಿಗಿಂತ ಒಣ ಸ್ವೆಟರ್ ಮೇಲು ಎನ್ನುವುದು ಇದಕ್ಕೇ. ತೋಟಕ್ಕೆ ಬಿರುಸಾಗಿ ನಡೆದು ಬಂದರೂ ಆಯಿತು: ದುಡಿಯುವ ಸ್ನಾಯುವಿನಲ್ಲಿ ಹುಟ್ಟುವ ಇಂಗಾಲದ ಡೈಆಕ್ಸೈಡ್, ಆಮ್ಲ, ಪೊಟ್ಯಾಶಿಯಂ, ಅಡಿನೋಸಿನ್ ಅಲ್ಲಿನ ನಾಳಗಳನ್ನು ತೆರೆಯುತ್ತವೆ, ಜೊತೆಗೆ ಮೈ ಕಾವೂ ಏರುತ್ತದೆ.

ಸಕ್ಕರೆ ಕಾಯಿಲೆಯವರು ಒಲೆಯ ಮುಂದೆ ಕಾಲು ಚಾಚಿ ಕೂರಬಾರದು. ನರ ಜಡ್ಡುಗಟ್ಟಿದ್ದರೆ ಸುಡುವುದು ತಿಳಿಯುವುದಿಲ್ಲ. ರಕ್ತ ಸರಿಯಾಗಿ ಹರಿಯದಿದ್ದರೆ ಆ ಶಾಖವನ್ನು ಹೊತ್ತೊಯ್ಯುವವರೂ ಇಲ್ಲ. ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುವುದು. ಉಗುರುಬೆಚ್ಚಗಿನ ನೀರಾದರೂ ಮನೆಯ ಬೇರೊಬ್ಬರು ಮೊಣಕೈ ಅದ್ದಿ ನೋಡಿದ ಮೇಲೆಯೇ ಕಾಲಿಡಲಿ.

ಹೆಚ್ಚು ಚಿಂತೆಯ ಮಾತು ಕಳೆ ಕೊಚ್ಚುವ ಮೆಷಿನ್ನಿನದು. ವರ್ಷಗಟ್ಟಲೆ ಅದರ ಕಂಪನ ತಿಂದ ಬೆರಳುಗಳ ನರ, ನಾಳ ಎರಡೂ ಕೆಡಬಹುದು. ಆಗ ಸ್ವಲ್ಪ ಚಳಿಗೇ ಬೆರಳಿನ ತುದಿ ಗೆರೆ ಎಳೆದಂತೆ ಸುಣ್ಣದ ಬಿಳಿಯಾಗುತ್ತದೆ, ಆಮೇಲೆ ನೀಲಿ, ಕಾವು ಬಂದಾಗ ಕೆಂಪು. ಜೋಮು, ಉರಿ, ಗುಂಡಿ ಹಾಕಲೂ ಆಗದ ಸ್ಥಿತಿ. ಇದು ಇಬ್ಬನಿಗೆ ಬಿಳಿಚಿದ ಬೆರಳಲ್ಲ. ರಕ್ತದೊತ್ತಡ, ಹೃದಯದ ತೊಂದರೆಗೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಯಿಂದಲೂ ಕೈ ತಣ್ಣಗಾಗುತ್ತದೆ, ಹಾಗಾಗಿ ತೆಗೆದುಕೊಳ್ಳುತ್ತಿರುವ ಮಾತ್ರೆಯ ಚೀಟಿ ವೈದ್ಯರಿಗೆ ತೋರಿಸಿ. ಮಾಲೀಕರು ಮೆಷಿನ್ ಕೆಲಸವನ್ನು ಒಬ್ಬನಿಗೇ ದಿನವಿಡೀ ಕೊಡದೆ ಸರದಿ ಮಾಡಲಿ, ಹಿಡಿಯ ಹರಿದ ರಬ್ಬರ್ ಬದಲಿಸಲಿ, ಮೊಂಡಾದ ಬ್ಲೇಡು ಓಡಿಸದಿರಲಿ.

— ಓದುಗ ವೈದ್ಯ, ಮಡಿಕೇರಿ